ಬರೀ ಒತ್ತಿದ್ದು ಅಷ್ಟೇ: ಎರಡೂ ಕಡೆ ಮಾತಾಡೋ ಇಂಟರ್ನೆಟ್ ಹೇಗೆ ಕೆಲ್ಸ ಮಾಡತ್ತೆ

ಮುಂಬೈ ಹತ್ರದ ಡೊಂಬಿವ್ಲಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಬಿ ವಿಂಗ್‌ನಲ್ಲಿರೋ ಒಬ್ಬ ಅಕ್ಕನಿಗೆ ಹೋದ ತಿಂಗ್ಳು ವಾಟ್ಸಾಪಲ್ಲಿ ಒಂದು ಮದ್ವೆ ಕಾಗದ ಬಂತು. ಬಂದಿದ್ದು ಗುರುತಿನವರ ನಂಬರಿಂದಾನೇ. ಯಾರ ಮದ್ವೆ ಅಂತ ನೋಡೋಕೆ ಮುಟ್ಟಿದ್ರು, ಫೋನು ಏನೋ ಕೇಳ್ತು, ಅಲೌ ಅಂತ ಒತ್ತಿದ್ರು, ಇನ್ನೊಂದು ಕೇಳ್ತು, ಮತ್ತೆ ಅಲೌ. ಕಾಗದ ಮಾತ್ರ ಕಾಣ್ಲೇ ಇಲ್ಲ. ಒಂದು ಗಂಟೆ ಒಳ್ಗೆ ಅವ್ರ ವಾಟ್ಸಾಪ್ ಅವ್ರ ಕೈ ತಪ್ಪೋಯ್ತು, ಅವ್ರ ಹೆಸ್ರಲ್ಲಿ ಅದೇ ಮದ್ವೆ ಕಾಗದ ನಮ್ಮ ಕನ್ನಡದವರ ಗ್ರೂಪಿಗೂ ಬಂತು, ಊರಲ್ಲಿರೋ ಅವ್ರ ನಾದಿನಿಗೆ "ಅರ್ಜೆಂಟ್ ಇಪ್ಪತ್ತು ಸಾವಿರ ಹಾಕು, ಸಂಜೆ ಕೊಡ್ತೀನಿ" ಅಂತ ಮೆಸೇಜು ಹೋಯ್ತು, ನಾದಿನಿ ಹಾಕೂ ಬಿಟ್ರು.

ಅಕ್ಕ ನನ್ನ ಹತ್ರ ಬಂದು ಹೇಳಿದ್ದು ಒಂದೇ ಮಾತು: "ನಾನು ಏನೂ ಬರ್ದಿಲ್ಲ, ಯಾರಿಗೂ ಓಟಿಪಿ ಹೇಳಿಲ್ಲ, ಬರೀ ಒತ್ತಿದ್ದು ಅಷ್ಟೇ."

ಈ ಮಾತನ್ನ ಆಮೇಲೆ ಸುಮಾರು ಜನ ನನಗೆ ಹೇಳಿದ್ರು, ಬೇರೆ ಬೇರೆ ವಿಷ್ಯಕ್ಕೆ. ಬರೀ ನೋಡಿದ್ದು, ಬರೀ ಫಾರ್ವರ್ಡ್ ಮಾಡಿದ್ದು, ಬರೀ ಲೈಕ್ ಹಾಕಿದ್ದು. ಈಗಿನ ಇಂಟರ್ನೆಟ್ಟಲ್ಲಿ ಬರೀ ಅನ್ನೋದು ಇಲ್ಲ, ನೀವು ಮುಟ್ಟಿದ್ದೆಲ್ಲ ಆ ಕಡೆಗೆ ಒಂದು ಮಾತಾಗಿ ಹೋಗತ್ತೆ. ಅದು ಹೇಗೆ ಹೋಗತ್ತೆ, ಯಾಕೆ ಹೋಗತ್ತೆ, ಅದ್ರಿಂದ ನಮಗೆ ಸಿಕ್ಕಿದ್ದೇನು, ಕಳ್ಕೊಳ್ಳೋದೇನು ಅಂತ ಮೊದಲಿಂದ ನೋಡೋಣ.

ಮೊದ್ಲು ಒಂದೇ ಕಡೆಯ ಮಾತು

ರೇಡಿಯೋ ನೆನಪು ಮಾಡ್ಕೊಳ್ಳಿ. ಆಕಾಶವಾಣಿಯಲ್ಲಿ ವಾರ್ತೆ ಓದೋರು ಓದ್ತಿದ್ರು, ನಾವು ಕೇಳ್ತಿದ್ವಿ, ಮಧ್ಯದಲ್ಲಿ ಎದ್ದು ಅಡುಗೆಮನೆಗೆ ಹೋದ್ರೆ ಓದೋರಿಗೆ ಗೊತ್ತೇ ಆಗ್ತಿರ್ಲಿಲ್ಲ. ಪೇಪರೂ ಅಷ್ಟೇ, ಯಾವ ಪುಟ ಎಷ್ಟು ಹೊತ್ತು ಓದಿದ್ರಿ ಅಂತ ಪೇಪರ್ ಹಾಕೋ ಹುಡುಗನಿಗೂ ಗೊತ್ತಿಲ್ಲ, ಸಂಪಾದಕರಿಗೂ ಗೊತ್ತಿಲ್ಲ.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದಿದ್ದು 1995ರ ಆಗಸ್ಟ್ 15ಕ್ಕೆ, ವಿದೇಶ ಸಂಚಾರ ನಿಗಮ ಅಂದ್ರೆ ವಿಎಸ್‌ಎನ್‌ಎಲ್ ಕಡೆಯಿಂದ, ಮೊದಲು ಬಂದ ಊರುಗಳಲ್ಲಿ ಮುಂಬೈಯೂ ಒಂದು. ಟೆಲಿಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ ಕಿರ್ ಕಿರ್ ಅಂತ ಸದ್ದು ಮಾಡ್ಕೊಂಡು ಕನೆಕ್ಟ್ ಆಗ್ತಿತ್ತು. ಆಗಿನ ವೆಬ್‌ಸೈಟುಗಳು ಹೆಚ್ಚೂಕಮ್ಮಿ ಸ್ಟೇಷನ್ನಿನ ಗೋಡೆಗೆ ಅಂಟಿಸಿದ ಟೈಮ್‌ಟೇಬಲ್ ಇದ್ದ ಹಾಗೆ. ಓದಬಹುದು, ಅದ್ರ ಮೇಲೆ ನಾವು ಏನೂ ಬರೆಯೋ ಹಾಗಿಲ್ಲ.

ಆದ್ರೆ ವೆಬ್, ಅಂದ್ರೆ ಇಂಟರ್ನೆಟ್ಟಲ್ಲಿ ನಾವು ನೋಡೋ ಈ ಪುಟಗಳ ಜಾಲ, ಹುಟ್ಟಿದ್ದು ಬರೀ ಓದೋಕಲ್ಲ. ಟಿಮ್ ಬರ್ನರ್ಸ್-ಲೀ ಅನ್ನೋರು ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ ಕೆಲ್ಸ ಮಾಡ್ತಾ 1989ರಲ್ಲಿ ಈ ವೆಬ್‌ನ ಯೋಚನೆ ಮುಂದಿಟ್ರು, ಮರುವರ್ಷ ಅವರೇ ಮಾಡಿದ ಮೊದಲ ಬ್ರೌಸರಲ್ಲಿ, ಅಂದ್ರೆ ವೆಬ್ ಪುಟ ತೆರೆಯೋ ಸಾಫ್ಟ್‌ವೇರಲ್ಲಿ, ಪುಟ ಓದೋದೂ ಆಗ್ತಿತ್ತು, ತಿದ್ದಿ ಬರೆಯೋದೂ ಆಗ್ತಿತ್ತು. ಆಮೇಲೆ ಜನಪ್ರಿಯ ಆದ ಬ್ರೌಸರುಗಳು ಬರೀ ಓದೋ ಕಡೆ ಇಟ್ಕೊಂಡು ಬರೆಯೋ ಕಡೆ ಬಿಟ್ಟುಬಿಟ್ವು. ಬರೆಯೋ ಬಾಗಿಲು ಮತ್ತೆ ದೊಡ್ಡದಾಗಿ ತೆಗೆದಿದ್ದು ಹತ್ತು ವರ್ಷ ಕಳೆದ ಮೇಲೆ. 2001ರಲ್ಲಿ ವಿಕಿಪೀಡಿಯ ಬಂತು, 2004ರಲ್ಲಿ ಆರ್ಕುಟ್ ಮತ್ತು ಫೇಸ್‌ಬುಕ್, 2005ರಲ್ಲಿ ಯೂಟ್ಯೂಬ್, 2009ರಲ್ಲಿ ವಾಟ್ಸಾಪ್. ಈ ಕಾಲಕ್ಕೆ ವೆಬ್ 2.0 ಅಂತ ಒಂದು ಹೆಸ್ರೂ ಬಿತ್ತು. ಹೊಸ ಮಷೀನು ಏನೂ ಬರ್ಲಿಲ್ಲ, ಓದ್ತಿದ್ದೋರೇ ಬರೆಯೋಕೆ ಶುರು ಮಾಡಿದ್ರು, ಅದಕ್ಕೆ ಆ ಹೆಸ್ರು.

ಒಂದು ಸಲ ಒತ್ತಿದ್ರೆ ಏನೇನು ಹೋಗತ್ತೆ

ನೀವು ಒಂದು ಲಿಂಕ್ ಒತ್ತಿದ ಕೂಡ್ಲೆ ನಿಮ್ಮ ಫೋನು ದೂರದಲ್ಲಿರೋ ಒಂದು ಕಂಪ್ಯೂಟರಿಗೆ ಚೀಟಿ ಕಳ್ಸತ್ತೆ, ಆ ಕಂಪ್ಯೂಟರಿಗೆ ಸರ್ವರ್ ಅಂತಾರೆ. "ಇಂಥಾ ಪುಟ ಕೊಡು" ಅಂತ ಚೀಟಿ. ಹೋಟ್ಲಲ್ಲಿ ವೇಟರು ಆರ್ಡರ್ ಚೀಟಿ ಒಳಗೆ ತಗೊಂಡು ಹೋದ ಹಾಗೆ, ಒಳಗಿಂದ ಪ್ಲೇಟು ಬರತ್ತೆ. ಪ್ಲೇಟು ಯಾವ ಟೇಬಲ್ಲಿಗೆ ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ ಚೀಟಿ ಮೇಲೆ ಟೇಬಲ್ ನಂಬರ್ ಇರತ್ತೆ. ಇಲ್ಲಿ ಆ ನಂಬರಿಗೆ ಐಪಿ ಅಡ್ರೆಸ್ ಅಂತಾರೆ. ಜೊತೆಗೆ ಯಾವ ಥರ ಫೋನು, ಯಾವ ಬ್ರೌಸರು, ಯಾವ ಭಾಷೆ ಬೇಕು ಅನ್ನೋದೂ ಸಾಮಾನ್ಯವಾಗಿ ಹೋಗತ್ತೆ. ಇದ್ರಲ್ಲಿ ಕಳ್ಳತನ ಏನಿಲ್ಲ, ಇದಿಲ್ದೆ ಉತ್ತರ ವಾಪಸ್ ಬರೋದೇ ಕಷ್ಟ.

ಇನ್ನೊಂದಿದೆ, ಕುಕೀ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ರೆ ಟೋಕನ್ ಕೊಡ್ತಾರಲ್ಲ, ಹಾಗೆ ಅನ್ಕೊಳ್ಳಿ. ಚಪ್ಪಲಿ ಸ್ಟ್ಯಾಂಡಿನವನಿಗೆ ನಿಮ್ಮ ಹೆಸ್ರು ಗೊತ್ತಿಲ್ಲ, ಊರು ಗೊತ್ತಿಲ್ಲ, ಆದ್ರೆ ಟೋಕನ್ ತೋರ್ಸಿದ್ರೆ ನಿಮ್ಮ ಚಪ್ಪಲಿ ಯಾವುದು ಅಂತ ಗೊತ್ತು. ವೆಬ್‌ಸೈಟೂ ಹಾಗೇ ಒಂದು ಟೋಕನ್ನು ನಿಮ್ಮ ಬ್ರೌಸರಲ್ಲಿ ಇಡತ್ತೆ, ಮುಂದಿನ ಸಲ ಹೋದಾಗ ಟೋಕನ್ ನೋಡಿ ಗುರ್ತು ಹಿಡಿಯತ್ತೆ. ಪ್ರತೀ ಸಲ ಪಾಸ್‌ವರ್ಡ್ ಕೇಳದೇ ಇರೋದು, ಶಾಪಿಂಗ್ ಮಾಡುವಾಗ ಬುಟ್ಟಿಗೆ ಹಾಕಿದ್ದು ಹಾಗೇ ಉಳಿಯೋದು, ಎಲ್ಲ ಇದ್ರಿಂದ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದನ್ನ ಮಾಡಿದ್ದು.

ತೊಂದ್ರೆ ಶುರುವಾಗೋದು ಒಂದೇ ಗುತ್ತಿಗೆದಾರ ಹತ್ತು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ಹಿಡಿದಾಗ. ಅವನು ಎಲ್ಲಾ ಕಡೆ ಒಂದೇ ಟೋಕನ್ ಕೊಡ್ತಾನೆ ಅನ್ಕೊಳ್ಳಿ, ಆಗ ಹೆಸ್ರು ಗೊತ್ತಿಲ್ದೇ ಇದ್ರೂ ಈ ಟೋಕನ್ನಿನವರು ಮಂಗಳವಾರ ಸಿದ್ಧಿವಿನಾಯಕಕ್ಕೆ ಹೋಗ್ತಾರೆ, ಶುಕ್ರವಾರ ಮಹಾಲಕ್ಷ್ಮಿಗೆ ಹೋಗ್ತಾರೆ, ತಿಂಗ್ಳಲ್ಲಿ ಒಂದು ಸಲ ಮಾಟುಂಗಾಕ್ಕೆ ಬರ್ತಾರೆ, ಮಂಡಿ ನೋವಿರ್ಬೇಕು ನಿಧಾನಕ್ಕೆ ಹತ್ತುತ್ತಾರೆ ಅಂತೆಲ್ಲ ಅವನಿಗೆ ಗೊತ್ತಾಗೋಗತ್ತೆ. ಜಾಹೀರಾತು ಕಂಪನಿಗಳು ಮಾಡೋದು ಹೆಚ್ಚೂಕಮ್ಮಿ ಇದನ್ನೇ. ಬೇರೆ ಬೇರೆ ಸೈಟುಗಳಲ್ಲಿ ಅವ್ರ ಟೋಕನ್ ಕೂತಿರತ್ತೆ. ಅದಕ್ಕೇ ಒಂದು ಕಡೆ ಮಿಕ್ಸಿ ನೋಡಿದ್ರೆ ಹದಿನೈದು ದಿನ ಎಲ್ಲಿ ಹೋದ್ರೂ ಮಿಕ್ಸಿ. ಫೋನು ಕದ್ದು ಕೇಳಿಸ್ಕೊಂಡಿರ್ಬೇಕು ಅಂತ ಬಹಳ ಜನ ಅಂತಾರೆ, ಮಿಕ್ಸಿ ತೋರಿಸೋಕೆ ಕೇಳಿಸ್ಕೊಳ್ಳೋ ಅಗತ್ಯವೇ ಇಲ್ಲ, ಟೋಕನ್ ಸಾಕು.

ನಮಗೆ ಸಿಕ್ಕಿದ್ದು ಸಣ್ಣದಲ್ಲ

ಅಪಾಯದ ಮಾತು ಮುಂದೆ ಬರತ್ತೆ, ಅದಕ್ಕಿಂತ ಮೊದ್ಲು ಇದನ್ನ ಹೇಳ್ಲೇಬೇಕು. ಮುಂಬೈ ಲೋಕಲ್ ರೈಲಲ್ಲಿ ಓಡಾಡೋರಿಗೆ ರೈಲಿನ ಟೈಮ್ ತೋರ್ಸೋ ಎಂ-ಇಂಡಿಕೇಟರ್ ಆಪ್ ಗೊತ್ತಿದ್ದೇ ಇರತ್ತೆ. ಅದ್ರಲ್ಲಿ ಪ್ರಯಾಣಿಕರು ಒಬ್ರಿಗೊಬ್ರು ಬರೆಯೋ ಚಾಟ್ ಇದೆ. ಕಲ್ಯಾಣದ ಹತ್ರ ಗಾಡಿ ನಿಂತಿದ್ರೆ ಸ್ಟೇಷನ್ನಲ್ಲಿ ಅನೌನ್ಸ್ ಮಾಡೋ ಮೊದ್ಲೇ ಆ ಗಾಡಿ ಒಳಗೆ ನೇತಾಡ್ತಾ ಇರೋ ಯಾರೋ ಒಬ್ರು ಅಲ್ಲಿ ಹಾಕ್ತಾರೆ, ಅದನ್ನ ನೋಡಿ ಇಲ್ಲಿ ಡೊಂಬಿವ್ಲಿಯಲ್ಲಿ ನಾವು ಮನೆ ಬಿಡೋದು ಹತ್ತು ನಿಮಿಷ ತಡ ಮಾಡ್ತೀವಿ. ಮಳೆಗಾಲದಲ್ಲಿ ಇದ್ರ ಬೆಲೆ ಗೊತ್ತಾಗೋದು. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದಾಗ ಎಲ್ಲಿ ನೀರು ಎಷ್ಟಿದೆ ಅಂತ ಗೊತ್ತಿಲ್ದೆ ಜನ ಎದೆಮಟ್ಟ ನೀರಲ್ಲಿ ಗಂಟೆಗಟ್ಟಲೆ ನಡ್ಕೊಂಡು ಹೋದ್ರು, ಎಷ್ಟೋ ಜನ ಮನೆ ಮುಟ್ಟಿದ್ದು ಮರುದಿನ. ಈಗ ಮಿಲನ್ ಸಬ್‌ವೇಲಿ ನೀರು ತುಂಬಿದ್ರೆ ಅಲ್ಲಿ ನಿಂತಿರೋರು ಫೋಟೋ ಹಾಕ್ತಾರೆ, ಉಳಿದೋರು ಬೇರೆ ದಾರಿ ಹಿಡೀತಾರೆ. ಮಾಹಿತಿ ಮೇಲಿಂದ ಕೆಳಗೆ ಬರೋದಕ್ಕೆ ಕಾಯೋ ಹಾಗಿಲ್ಲ, ಪಕ್ಕದಿಂದ ಪಕ್ಕಕ್ಕೆ ಹೋಗತ್ತೆ.

ಕನ್ನಡದವರಿಗೆ ಇನ್ನೊಂದು ದೊಡ್ಡ ಲಾಭ ಆಗಿದೆ, ಅದನ್ನ ನಾವು ಮರ್ತೇ ಬಿಡ್ತೀವಿ. ಮೊದ್ಲು ಕನ್ನಡದಲ್ಲಿ ಟೈಪ್ ಮಾಡಿದ್ದು ಆ ಕಡೆಯವರ ಹತ್ರ ಅದೇ ಫಾಂಟ್ ಇಲ್ದಿದ್ರೆ ಗಜಿಬಿಜಿ ಇಂಗ್ಲಿಷ್ ಅಕ್ಷರ, ಚಿಹ್ನೆ ಆಗಿ ಕಾಣ್ತಿತ್ತು. 1998ರಲ್ಲಿ 'ಬರಹ' ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಟೈಪ್ ಮಾಡೋದು ಸುಲಭ ಆಯ್ತು. ಯೂನಿಕೋಡ್ ಬಂದ ಮೇಲೆ ಪ್ರತೀ ಕನ್ನಡ ಅಕ್ಷರಕ್ಕೂ ಇಡೀ ಪ್ರಪಂಚಕ್ಕೆ ಒಂದೇ ನಂಬರು, ಹಾಗಾಗಿ ಡೊಂಬಿವ್ಲಿಯಲ್ಲಿ ಬರೆದ ಕ ದುಬೈಯಲ್ಲೂ ಕ ಆಗೇ ಕಾಣತ್ತೆ, ಹುಡುಕಿದ್ರೂ ಸಿಗತ್ತೆ. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಮುಂಬೈಯಲ್ಲಿ ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚಿ ಹೋಗೋದನ್ನ ನೋಡಿದ ನಮಗೆ, ಮನೇಲಿ ಮಾತ್ರ ಕನ್ನಡ ಆಡೋ ಮಕ್ಳಿಗೆ, ಅಜ್ಜಿಗೆ ಕನ್ನಡದಲ್ಲೇ ಮೆಸೇಜು ಬರೆಯೋ ದಾರಿ ಸಿಕ್ಕಿದೆ. ನನ್ನ ಮಟ್ಟಿಗೆ ಇಂಟರ್ನೆಟ್ ಕೊಟ್ಟಿದ್ರಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇಲ್ಲ.

2021ರ ಏಪ್ರಿಲ್, ಮೇ, ಕೊರೋನಾದ ಎರಡನೇ ಅಲೆ ನೆನಪಿದ್ಯಾ? ಆಕ್ಸಿಜನ್ ಸಿಲಿಂಡರ್ ಎಲ್ಲಿದೆ, ಬೆಡ್ ಎಲ್ಲಿದೆ ಅಂತ ಗುರುತಿಲ್ಲದ ಜನ ಗುರುತಿಲ್ಲದವರಿಗೋಸ್ಕರ ರಾತ್ರಿಯೆಲ್ಲ ಫೋನ್ ಮಾಡಿ, ಇದೆ ಅಂತ ಗ್ಯಾರಂಟಿ ಮಾಡ್ಕೊಂಡು ನಂಬರ್ ಹಾಕ್ತಿದ್ರು. ಜೀವಗಳು ಉಳಿದ್ವು. ಆದ್ರೆ ಬೆಳಿಗ್ಗೆ ಸರಿಯಿದ್ದ ನಂಬರು ಮಧ್ಯಾಹ್ನಕ್ಕೆ ಸ್ಟಾಕ್ ಖಾಲಿ, ಆದ್ರೂ ಅದೇ ಮೆಸೇಜು ವಾರಗಟ್ಟಲೆ ಸುತ್ತಾಡ್ತು, ಅದ್ರ ನಡುವೆ ಅಡ್ವಾನ್ಸ್ ಹಾಕಿಸ್ಕೊಂಡು ಸಿಲಿಂಡರ್ ಕೊಡ್ದೆ ಹೋದೋರ ನಂಬರೂ ಸೇರ್ಕೊಳ್ತು. ಒಳ್ಳೇದು ಬಂದ ಬಾಗಿಲಲ್ಲೇ ಕೆಟ್ಟದ್ದೂ ಬಂತು, ಬೇರೆ ಬಾಗಿಲು ಇರ್ಲೇ ಇಲ್ಲ.

ಸುಳ್ಳು ಯಾಕೆ ಅಷ್ಟು ಬೇಗ ಓಡತ್ತೆ

ಲೆಕ್ಕ ಹಾಕಿ ನೋಡಿ. ಒಬ್ರು ಒಂದು ಮೆಸೇಜನ್ನ ಐದು ಗ್ರೂಪಿಗೆ ಹಾಕ್ತಾರೆ, ಒಂದೊಂದ್ರಲ್ಲಿ 200 ಜನ, ಅಲ್ಲಿಗೆ 1,000. ಆ ಸಾವಿರದಲ್ಲಿ ಬರೀ ಹತ್ತು ಜನ ಹೀಗೇ ಇನ್ನೈದು ಗ್ರೂಪಿಗೆ ಹಾಕಿದ್ರೆ 10,000. ಇನ್ನೊಂದು ಸುತ್ತು ಇದೇ ಪ್ರಮಾಣದಲ್ಲಿ ಹೋದ್ರೆ ಲಕ್ಷ. ಒಂದೇ ಜನ ಎರಡು ಮೂರು ಗ್ರೂಪಲ್ಲಿ ಇರ್ತಾರೆ ಅಂತ ಸ್ವಲ್ಪ ಕಳೆದ್ರೂ ಚಹಾ ಕುಡಿಯೋ ಹೊತ್ತಲ್ಲಿ ಒಂದು ಊರಿಗೆ ಊರೇ ಮುಟ್ಟತ್ತೆ. ಯಾರೂ ಸುಳ್ಳು ಹೇಳ್ಬೇಕು ಅಂತ ಹೊರಟಿರಲ್ಲ, ಪ್ರತಿಯೊಬ್ರೂ ನಮ್ಮೋರಿಗೆ ಗೊತ್ತಿರ್ಲಿ ಅಂತ ಪ್ರೀತಿಯಿಂದಾನೇ ಹಾಕಿರ್ತಾರೆ. ಕಳ್ಸಿದ್ದು ನಮ್ಮ ಭಾವ, ಹಾಗಾಗಿ ನಂಬ್ತೀವಿ, ಭಾವನಿಗೆ ಎಲ್ಲಿಂದ ಬಂತು ಅಂತ ಕೇಳಲ್ಲ.

ಇದು ಎಲ್ಲಿಗೆ ಮುಟ್ಟತ್ತೆ ಅಂತ ನಮ್ಮ ಮಹಾರಾಷ್ಟ್ರದಲ್ಲೇ ನೋಡಿದೀವಿ. 2018ರ ಜುಲೈ 1ಕ್ಕೆ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರು ಅಂತ ತಿಳ್ಕೊಂಡು ಅಲೆಮಾರಿ ಸಮುದಾಯದ ಐದು ಜನರನ್ನ ಗುಂಪು ಹೊಡೆದು ಕೊಂದ್ಹಾಕ್ತು. ಅದೇ ತಿಂಗ್ಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಳಿಗೆ ಚಾಕ್ಲೇಟ್ ಕೊಟ್ಟಿದ್ದಕ್ಕೆ ಕಳ್ಳರು ಅನ್ನಿಸ್ಕೊಂಡ ಹೈದರಾಬಾದ್ ಕಡೆಯ ಯುವಕರಲ್ಲಿ ಒಬ್ಬರ ಜೀವ ಹೋಯ್ತು. ಆ ವರ್ಷ ದೇಶ ತುಂಬ ಸುತ್ತಾಡಿದ ಒಂದು ವಿಡಿಯೋದಲ್ಲಿ ಬೈಕಲ್ಲಿ ಬಂದೋರು ಮಗುವನ್ನ ಎತ್ಕೊಂಡು ಹೋಗ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿ ಮೂಡಿಸೋಕೆ ಮಾಡಿದ್ದ ವಿಡಿಯೋ, ಕೊನೇಲಿ ಮಗುವನ್ನ ವಾಪಸ್ ಬಿಟ್ಟು ಬೋರ್ಡ್ ತೋರಿಸ್ತಾರೆ. ಆ ಕೊನೇ ಭಾಗ ಕತ್ತರಿಸಿ ಬಿಟ್ಟಿದ್ರು. ಅದನ್ನ ಬರೀ ಫಾರ್ವರ್ಡ್ ಮಾಡಿದೋರು ಎಷ್ಟು ಸಾವಿರ ಜನವೋ.

ಅದಾದ ಮೇಲೆ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ಮಿತಿ ಹಾಕ್ತು, 2020ರ ಏಪ್ರಿಲಲ್ಲಿ ಬಹಳ ಸಲ ಫಾರ್ವರ್ಡ್ ಆದ ಮೆಸೇಜು ಒಂದು ಸಲಕ್ಕೆ ಒಂದೇ ಕಡೆ ಅಂತ ಮಾಡ್ತು. ಮೆಸೇಜಿನ ಮೇಲೆ ಎರಡು ಬಾಣದ ಗುರುತು ಬರತ್ತಲ್ಲ, ಅದ್ರ ಅರ್ಥ ಇದೇ: ನಿಮ್ಮ ಭಾವ ಬರೆದಿದ್ದಲ್ಲ, ಎಲ್ಲಿಂದಲೋ ಕೈ ಬದಲಾಗ್ತಾ ಬಂದಿದ್ದು.

ಬಾಂದ್ರಾ ಸ್ಟೇಷನ್ ಹತ್ರ ಅದೇ 2020ರ ಏಪ್ರಿಲ್ 14ಕ್ಕೆ, ಲಾಕ್‌ಡೌನ್ ಮುಂದುವರೀತು ಅಂತ ಘೋಷಣೆ ಆದ ದಿನ, ಊರಿಗೆ ರೈಲು ಬಿಡ್ತಾರಂತೆ ಅನ್ನೋ ಮಾತು ಹಬ್ಬಿ ಸಾವಿರಾರು ಕೂಲಿ ಕೆಲ್ಸದವರು ಸೇರಿದ್ರು. ರೈಲು ಇರ್ಲಿಲ್ಲ. ಲಾಠಿ ಇತ್ತು. ಆ ಜನ ದಡ್ಡರೇನಲ್ಲ, ಹಸಿವಾದವರಿಗೆ ಅನ್ನದ ಸುದ್ದಿ ಬಂದ್ರೆ ಪರೀಕ್ಷೆ ಮಾಡ್ತಾ ಕೂರಲ್ಲ.

ಇಲ್ಲೊಂದು ಪ್ರಶ್ನೆ ಎಲ್ರೂ ಕೇಳ್ತಾರೆ, ಕಂಪನಿಯವ್ರೇ ಯಾಕೆ ಸುಳ್ಳನ್ನ ಹಿಡಿಯಲ್ಲ? ವಾಟ್ಸಾಪಲ್ಲಿ 2016ರಿಂದ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇದೆ, ಅಂದ್ರೆ ನೀವು ಪೆಟ್ಟಿಗೆಗೆ ಬೀಗ ಹಾಕಿ ಕಳ್ಸಿದ್ದು ಪಡ್ಕೊಂಡೋರ ಹತ್ರ ಇರೋ ಕೀಲೀಲಿ ಮಾತ್ರ ತೆಗೆಯತ್ತೆ, ನಡುವೆ ಹೊತ್ಕೊಂಡು ಹೋಗೋನಿಗೆ ಒಳಗೇನಿದೆ ಕಾಣಲ್ಲ. ಇದು ನಮ್ಮ ಗುಟ್ಟು ಕಾಯತ್ತೆ. ಅದೇ ಬೀಗ ಸುಳ್ಳನ್ನೂ ಕಾಯತ್ತೆ. ಹೊತ್ಕೊಂಡು ಹೋಗೋನಿಗೆ ಯಾರು ಯಾರಿಗೆ ಯಾವಾಗ ಪೆಟ್ಟಿಗೆ ಕಳ್ಸಿದ್ರು ಅನ್ನೋದು ಮಾತ್ರ ತಿಳಿಯಬಹುದು.

ಕೆಳಗೆ ಮುಗಿಯೋದೇ ಇಲ್ಲ ಯಾಕೆ

ರೀಲ್ಸ್ ನೋಡ್ತಾ ಕೂತ್ರೆ ಬೆರಳು ನಿಲ್ಲಲ್ಲ. ಪುಸ್ತಕಕ್ಕೆ ಕೊನೇ ಪುಟ ಇದೆ, ಇದಕ್ಕಿಲ್ಲ, ಹಾಗೆ ಕಟ್ಟಿದಾರೆ. ಅಲ್ಲೂ ನಿಮ್ಮ ಬೆರಳು ಮಾತಾಡ್ತಾನೇ ಇರತ್ತೆ. ಯಾವ ವಿಡಿಯೋ ಮೇಲೆ ಎಷ್ಟು ಸೆಕೆಂಡ್ ನಿಂತ್ರಿ, ಯಾವುದನ್ನ ತಳ್ಳಿದ್ರಿ, ಯಾವುದನ್ನ ಎರಡು ಸಲ ನೋಡಿದ್ರಿ, ಎಲ್ಲ ಆ ಕಡೆ ಲೆಕ್ಕ. ತರಕಾರಿಯವನು ನೀವು ದಿನಾ ಮುಟ್ಟಿ ನೋಡೋದನ್ನ ಗಮನಿಸಿ ನಾಳೆ ಅದನ್ನೇ ಗಾಡಿಯ ಮುಂದೆ ಇಟ್ಟ ಹಾಗೆ. ಕೋಪ ಬರಿಸೋದ್ರ ಮೇಲೆ ನೀವು ನಿಂತ್ರೆ ಕೋಪದ್ದೇ ಬರತ್ತೆ, ನಿಮಗೆ ಅದು ಇಷ್ಟವಾ ಕಷ್ಟವಾ ಅಂತ ಅದಕ್ಕೆ ಗೊತ್ತಿಲ್ಲ, ನಿಂತ್ರಿ ಅನ್ನೋದಷ್ಟೇ ಗೊತ್ತು. ನೀವು ನಿಂತಷ್ಟೂ ಜಾಹೀರಾತು ತೋರಿಸಬಹುದು, ದುಡ್ಡು ಅಲ್ಲಿಂದ ಬರತ್ತೆ. ಮಕ್ಕಳ ವಿಷ್ಯದಲ್ಲಿ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 18 ವರ್ಷದ ಒಳಗಿನವರ ಮಾಹಿತಿ ಬಳಸೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ ಹೇಳತ್ತೆ.

ಅಕ್ಕನ ಫೋನಲ್ಲಿ ಆಗಿದ್ದೇನು

ಈಗ ಮದ್ವೆ ಕಾಗದಕ್ಕೆ ಬರೋಣ. ಅದು ಫೋಟೋ ಅಲ್ಲ, ಪಿಡಿಎಫ್ ಅಲ್ಲ. ಫೈಲಿನ ಹೆಸರಿನ ಕೊನೇಲಿ ಎಪಿಕೆ ಅಂತ ಇತ್ತು. ಎಪಿಕೆ ಅಂದ್ರೆ ಆಂಡ್ರಾಯ್ಡ್ ಫೋನಿಗೆ ಹಾಕೋ ಆಪ್‌ನ ಮೂಟೆ. ಪ್ಲೇಸ್ಟೋರ್ ಮೂಲಕ ಬರದೇ ನೇರ ಬಂದಿರೋದ್ರಿಂದ ಫೋನು ಮೊದಲ ಸಲ "ಹೊರಗಿನ ಆಪ್ ಹಾಕ್ಲಾ" ಅಂತ ಕೇಳ್ತು, ಎರಡನೇ ಸಲ "ಈ ಆಪ್‌ಗೆ ನಿಮ್ಮ ಎಸ್‌ಎಂಎಸ್ ಓದೋಕೆ ಬಿಡ್ಲಾ" ಅಂತ ಕೇಳ್ತು. ಕೇಳಿದ್ದು ಇಂಗ್ಲಿಷಲ್ಲಿ, ಅಕ್ಕ ಓದಿರೋದು ಕನ್ನಡ ಶಾಲೆ, ಹಾಗಾಗಿ ಅಲೌ ಒತ್ತಿದ್ರು. ಅವ್ರನ್ನ ಬೈಯೋರು ಇದನ್ನ ನೆನಪಿಟ್ಕೊಳ್ಬೇಕು.

ಅಲ್ಲಿಂದಾಚೆ ಅವ್ರಿಗೆ ಬರೋ ಎಸ್‌ಎಂಎಸ್ಸೆಲ್ಲ ಕಳ್ಳನಿಗೂ ಕಾಣ್ತಿತ್ತು. ಕಳ್ಳ ತನ್ನ ಫೋನಲ್ಲಿ ವಾಟ್ಸಾಪ್ ಹಾಕ್ಕೊಂಡು ಅಕ್ಕನ ನಂಬರ್ ಕೊಟ್ಟ. ವಾಟ್ಸಾಪು ಆರು ಅಂಕಿಯ ಕೋಡನ್ನ ಅಕ್ಕನ ನಂಬರಿಗೆ ಎಸ್‌ಎಂಎಸ್ ಮಾಡ್ತು, ಆಪ್ ಅದನ್ನ ಕದ್ದು ಕಳ್ಸ್ತು. ಅಕ್ಕ ಯಾರಿಗೂ ಓಟಿಪಿ ಹೇಳಿಲ್ಲ ಅಂದಿದ್ದು ನಿಜ, ಅವ್ರ ಬದಲು ಫೋನೇ ಹೇಳಿಬಿಡ್ತು.

ವಾಟ್ಸಾಪಿನ ಸೆಟ್ಟಿಂಗ್ಸಲ್ಲಿ ಅಕೌಂಟ್ ಒಳಗೆ ಟೂ ಸ್ಟೆಪ್ ವೆರಿಫಿಕೇಶನ್ ಅಂತ ಇದೆ, ಅದಕ್ಕೆ ನಿಮಗೆ ಮಾತ್ರ ಗೊತ್ತಿರೋ ಒಂದು ಪಿನ್ ಹಾಕಿಟ್ರೆ ಎಸ್‌ಎಂಎಸ್ ಕೋಡ್ ಕದ್ರೂ ಕಳ್ಳ ಅಲ್ಲೇ ನಿಲ್ತಾನೆ. ಲಿಂಕ್ಡ್ ಡಿವೈಸಸ್ ಅಂತಾನೂ ಇದೆ, ಅಲ್ಲಿ ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಕಂಡ್ರೆ ತೆಗೆದುಹಾಕಿ. ಎಪಿಕೆ ಹಾಕಿಬಿಟ್ಟಿದ್ರೆ ಮೊದ್ಲು ಫೋನಿನ ನೆಟ್ ಆಫ್ ಮಾಡಿ, ಆಪ್ ತೆಗೆಯಿರಿ, ಬೇರೆ ಫೋನಿಂದ ಬ್ಯಾಂಕಿಗೆ ತಿಳ್ಸಿ.

ಯುಪಿಐ ಬಗ್ಗೆ ಒಂದೇ ಮಾತು. ದುಡ್ಡು ಕೊಡೋಕೆ ಪಿನ್ ಬೇಕು, ತಗೊಳ್ಳೋಕೆ ಬೇಡ. "ನಿಮಗೆ ದುಡ್ಡು ಬರತ್ತೆ, ಪಿನ್ ಹಾಕಿ" ಅಂದ್ರೆ ಅದು ಮೋಸ, ಯೋಚನೆ ಮಾಡೋ ಅಗತ್ಯವೇ ಇಲ್ಲ. ಪೊಲೀಸ್ ಡ್ರೆಸ್ ಹಾಕ್ಕೊಂಡು ವಿಡಿಯೋ ಕಾಲಲ್ಲಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸೋದೂ ಮೋಸವೇ, ಹಾಗೊಂದು ಅರೆಸ್ಟ್ ನಮ್ಮ ಕಾನೂನಲ್ಲೇ ಇಲ್ಲ.

ದುಡ್ಡು ಹೋದ್ರೆ ಮೊದಲ ಗಂಟೆ

1930 ನಂಬರಿಗೆ ಫೋನ್ ಮಾಡಿ. ಸೈಬರ್ ಮೋಸದ ದೂರಿಗೆ ಇದು ಇಡೀ ದೇಶಕ್ಕೆ ಒಂದೇ ನಂಬರು, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ (cybercrime.gov.in) ಅನ್ನೋ ಸೈಟಲ್ಲೂ ದೂರು ಕೊಡಬಹುದು. ಯಾಕೆ ಇಷ್ಟು ಅವಸರ ಅಂದ್ರೆ ಕದ್ದ ದುಡ್ಡು ಒಂದು ಖಾತೇಲಿ ಕೂರಲ್ಲ, ನಿಮಿಷಗಳಲ್ಲಿ ಬಾಡಿಗೆಗೆ ತಗೊಂಡ ಬೇರೆ ಬೇರೆ ಖಾತೆಗೆ ಹಂಚಿ ಹೋಗಿ ಎಲ್ಲೋ ಎಟಿಎಂನಲ್ಲಿ ನೋಟಾಗಿ ಹೊರಗೆ ಬರತ್ತೆ. 1930ಕ್ಕೆ ಹೇಳಿದ್ರೆ ಆ ಬ್ಯಾಂಕುಗಳಿಗೆ ಸುದ್ದಿ ಹೋಗಿ, ಇನ್ನೂ ಹೊರಗೆ ಬರದೇ ಇರೋದನ್ನ ತಡೆಹಿಡೀತಾರೆ. ನೋಟಾದ ಮೇಲೆ ಹಿಡಿಯೋದು ಬಹಳ ಕಷ್ಟ.

ಬ್ಯಾಂಕಿಗೂ ತಕ್ಷಣ ಬರವಣಿಗೆಯಲ್ಲಿ ತಿಳ್ಸಿ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ದೆ ಮೂರನೆಯವರಿಂದ ಆದ ಮೋಸವನ್ನ ಮೂರು ಕೆಲಸದ ದಿನಗಳ ಒಳಗೆ ತಿಳಿಸಿದ್ರೆ ನಷ್ಟ ನಿಮ್ಮ ತಲೆಗೆ ಬರಲ್ಲ ಅಂತ ಇತ್ತು. ನಿಮ್ಮ ಅಜಾಗರೂಕತೆಯಿಂದಾನೇ ಹೋಗಿದ್ರೂ, ತಿಳಿಸಿದ ಮೇಲೆ ಹೋದ ದುಡ್ಡು ಬ್ಯಾಂಕಿನ ಹೊಣೆ ಅಂತಾನೂ ಇತ್ತು. ಹಾಗಾಗಿ ಎಷ್ಟು ಗಂಟೆಗೆ ತಿಳಿಸಿದ್ರಿ ಅನ್ನೋದೇ ದುಡ್ಡು. ನಾಚ್ಕೊಂಡು ಮಗನಿಗೆ ಹೇಳೋದಾ ಬೇಡ್ವಾ ಅಂತ ಸಂಜೆ ತನಕ ಕೂತೋರು ನಮ್ಮ ಸೊಸೈಟಿಯಲ್ಲೇ ಇದಾರೆ. ದಯವಿಟ್ಟು ಹಾಗೆ ಕೂರ್ಬೇಡಿ.

ಬರೆದಿದ್ದಕ್ಕೆ ಜೈಲಾಗತ್ತಾ

2012ರ ನವೆಂಬರಲ್ಲಿ ಶಿವಸೇನೆ ನಾಯಕ ಬಾಳಾಸಾಹೇಬ್ ಠಾಕ್ರೆ ತೀರ್ಕೊಂಡಾಗ ಮುಂಬೈ ಬಂದ್ ಆಗಿದ್ದನ್ನ ಪ್ರಶ್ನೆ ಮಾಡಿ ಪಾಲ್ಘರ್‌ನ ಒಬ್ಬ ಹುಡುಗಿ ಫೇಸ್‌ಬುಕ್ಕಲ್ಲಿ ಬರೆದ್ಲು, ಇನ್ನೊಬ್ಬಳು ಅದಕ್ಕೆ ಲೈಕ್ ಹಾಕಿದ್ಲು, ಇಬ್ರನ್ನೂ ಪೊಲೀಸರು ಅರೆಸ್ಟ್ ಮಾಡಿದ್ರು. ಒಂದು ಲೈಕಿಗೆ. ಆನ್‌ಲೈನಲ್ಲಿ ಬೇರೆಯವರಿಗೆ ಬೇಜಾರಾಗೋ ಮಾತು ಹಾಕಿದ್ರೆ ಶಿಕ್ಷೆ ಅನ್ನೋ ಐಟಿ ಕಾಯ್ದೆಯ 66ಎ ಸೆಕ್ಷನ್ ಬಗ್ಗೆ ದೇಶದಲ್ಲೆಲ್ಲ ಚರ್ಚೆ ಜೋರಾಗಿದ್ದು ಇದ್ರಿಂದ, 2015ರ ಮಾರ್ಚ್ 24ಕ್ಕೆ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಸೆಕ್ಷನ್ನೇ ಸಂವಿಧಾನಕ್ಕೆ ವಿರುದ್ಧ ಅಂತ ತೆಗೆದುಹಾಕ್ತು. ಹಾಗಂತ ಏನು ಬೇಕಾದ್ರೂ ಬರೆಯಬಹುದು ಅಂತಲ್ಲ. ಬೆದರಿಕೆ, ಮಾನಹಾನಿ, ಒಪ್ಪಿಗೆ ಇಲ್ದೆ ಬೇರೆಯವರ ಖಾಸಗಿ ಫೋಟೋ ಹಾಕೋದು, ಜನರ ನಡುವೆ ದ್ವೇಷ ಹಚ್ಚೋದು, ಇವಕ್ಕೆಲ್ಲ ಬೇರೆ ಕಾನೂನುಗಳು ಇದಾವೆ.

ಅಕ್ಕನ ವಾಟ್ಸಾಪ್ ವಾಪಸ್ ಬರೋಕೆ ಎರಡು ದಿನ ಹಿಡೀತು. ಫೋನನ್ನ ಪೂರ್ತಿ ಖಾಲಿ ಮಾಡಿ ಭಾಷೆಯನ್ನ ಕನ್ನಡಕ್ಕೆ ಬದಲಾಯಿಸಿ ಕೊಟ್ವಿ, ಈಗ ಅಲೌ ಬದಲು ಅನುಮತಿಸಿ ಅಂತ ಬರತ್ತೆ. ಪಿನ್ ಅವ್ರೇ ಹಾಕ್ಕೊಂಡ್ರು, ನಾನು ಮುಖ ತಿರುಗಿಸಿ ನಿಂತಿದ್ದೆ. ಗ್ರೂಪಿಗೆ ವಾಪಸ್ ಬಂದ ದಿನ ಅವ್ರು ಮೂರು ನಿಮಿಷದ ವಾಯ್ಸ್ ಮೆಸೇಜು ಹಾಕಿದ್ರು, ಏನಾಯ್ತು, ಯಾವ ಫೈಲು, ಹೆಸರಿನ ಕೊನೇಲಿ ಏನಿತ್ತು, ನಾದಿನಿ ದುಡ್ಡು ಹೇಗೆ ಹೋಯ್ತು, ಎಲ್ಲಾ ತಮ್ಮ ಕನ್ನಡದಲ್ಲೇ. ಅದೇ ರಾತ್ರಿ ಥಾಣೆಯಿಂದ ಒಬ್ರು ಅವ್ರಿಗೆ ಫೋನ್ ಮಾಡಿದ್ರು, ಅಂಥದ್ದೇ ಕಾಗದ ಬಂದಿದೆ, ಇನ್ನೂ ಮುಟ್ಟಿಲ್ಲ, ಏನು ಮಾಡ್ಲಿ ಅಂತ.